ಎಡಗಡೆಯ ಕಪ್ಪು ಚೌಕ

ಯುಗಾದಿ ಕಳೆದ ಮೂರನೆಯ ದಿನ, ಬುಧವಾರ, ಬೆಳಗ್ಗೆ ಹತ್ತೂವರೆ. ಸ್ಥಳ, ರಾಜಾಜಿನಗರದಲ್ಲಿ ನಾವು ಯಾವಾಗಲೂ ಹೋಗುತ್ತಿದ್ದ ಫೋಟೋ ಸ್ಟುಡಿಯೋ. ಹಾಜರಿದ್ದವರು ಇಬ್ಬರು: ಸ್ಟುಡಿಯೋದ ಗೋಪಿನಾಥ್ ಮತ್ತು ನಾನು.

ಹೀಗೆ ಶುರು ಮಾಡುವುದು ನನ್ನ ಹಳೆಯ ಅಭ್ಯಾಸ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ದುಡಿದು, ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ವರದಿ ಪುಸ್ತಕದಲ್ಲಿ ಮೊದಲು ದಿನ, ಆಮೇಲೆ ವೇಳೆ, ಆಮೇಲೆ ಯಾರು ಯಾರು ಇದ್ದರು ಎಂದು ಬರೆಯಬೇಕು. ಅದನ್ನು ಬಿಟ್ಟು ಮುಂದಿನದನ್ನು ಬರೆದರೆ ಅದು ವರದಿಯಲ್ಲ, ಹರಟೆ. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕೈ ಹಾಗೆಯೇ ಓಡುತ್ತದೆ.

ಹೋದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು. ಗ್ರಂಥಾಲಯದ ಕಾರ್ಡು ಹೊಸದಾಗಿ ಮಾಡಿಸಬೇಕಿತ್ತು. ಬಸವೇಶ್ವರನಗರದಲ್ಲಿ ನನ್ನ ಮನೆಯ ರಸ್ತೆಯಲ್ಲೇ ಎರಡು ಜೆರಾಕ್ಸ್ ಅಂಗಡಿಗಳಿವೆ, ಎರಡರಲ್ಲೂ ಫೋಟೋ ತೆಗೆಯುತ್ತಾರೆ. ಆದರೂ ಬಸ್ಸು ಹತ್ತಿ ಇಲ್ಲಿಗೇ ಬಂದೆ. ಏಕೆ ಎಂದು ಆಗ ಕೇಳಿಕೊಳ್ಳಲಿಲ್ಲ.

ಸ್ಟುಡಿಯೋದ ಮುಂದಿನ ಅರ್ಧ ಬದಲಾಗಿದೆ. ಕಾಫಿ ಮಗ್ಗಿನ ಮೇಲೆ, ಟೀ ಶರ್ಟಿನ ಮೇಲೆ ಮುಖ ಅಚ್ಚು ಹಾಕುವ ಯಂತ್ರಗಳು ಬಂದು ಕೂತಿವೆ. ಒಳಗಿನ ಕೋಣೆ ಮಾತ್ರ ಹಾಗೆಯೇ ಇದೆ. ಪರದೆ ಸರಿಸಿದ ಕೂಡಲೇ ಮೂಗಿಗೆ ಬಂತು ಆ ವಾಸನೆ. ಕನ್ನಡಿಯ ಮುಂದಿನ ಡಬ್ಬಿಯ ಪೌಡರು, ನೂರು ತಲೆಗಳ ಎಣ್ಣೆ ಕುಡಿದ ಬಾಚಣಿಗೆ, ದೊಡ್ಡ ದೀಪ ಬಿಸಿಯಾದಾಗ ಅದರ ಮೇಲಿನ ಧೂಳು ಸುಡುವ ಕಮಟು. ನೆಲಕ್ಕೆ ಚದುರಂಗದ ಹಲಗೆಯ ಹಾಗೆ ಕಪ್ಪು ಬಿಳಿ ಚೌಕಗಳು. ನನ್ನ ಕಾಲುಗಳು ನನ್ನನ್ನು ಕೇಳದೆ ಎಡಗಡೆಗೆ ಹೋಗಿ, ಗೋಡೆಯಿಂದ ಎರಡನೆಯ ಕಪ್ಪು ಚೌಕದ ಮೇಲೆ ಜೋಡಿಯಾಗಿ ನಿಂತುಬಿಟ್ಟವು.

"ಅಜ್ಜಿ, ಅಲ್ಲಲ್ಲ! ಈ ಸ್ಟೂಲ್ ಮೇಲೆ ಕೂತ್ಕೊಳ್ಳಿ," ಎಂದು ಗೋಪಿನಾಥ್ ನಕ್ಕ. "ಇವತ್ತು ಒಬ್ರೇನಾ?"

"ಒಬ್ಬಳೇ."

"ಮನೇವ್ರೆಲ್ಲ ಚೆನ್ನಾಗಿದಾರಾ? ಮೊಮ್ಮಗಳು ಈಗ ನಿಮ್ಮಷ್ಟು ಉದ್ದ ಆಗಿರ್ಬೇಕು."

"ಚೆನ್ನಾಗಿದ್ದಾರೆ," ಎಂದೆ. ಅವಳು ನನ್ನ ಮೊಮ್ಮಗಳಲ್ಲ. ಅವಳೇ ಒಮ್ಮೆ ಐದು ವರ್ಷದವಳಿದ್ದಾಗ ಅವನನ್ನು ತಿದ್ದಿದ್ದಳು: "ಅಂಕಲ್, ಇವ್ರು ಅಜ್ಜಿ ಅಲ್ಲ. ಸಿಸ್ಟರ್ ಆಂಟಿ. ನಾಕನೇವ್ರು." ಅವನು ಅದನ್ನು ಮರೆತಿದ್ದಾನೆ. ನಾನು ಮರೆತಿಲ್ಲ.

ಸ್ಟೂಲಿನ ಮೇಲೆ ಕೂತೆ. ಗದ್ದ ಸ್ವಲ್ಪ ಕೆಳಗೆ ಮಾಡಿ ಎಂದ, ಮಾಡಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಪ್ರಿಂಟು ಹಾಕಲು ಹದಿನೈದು ನಿಮಿಷ ಬೇಕು ಅಂದ. ಗೋಡೆಯ ಪಕ್ಕದ ಬೆಂಚಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎದುರಿನ ಖಾಲಿ ಚೌಕಗಳನ್ನು ನೋಡುತ್ತ ಕೂತೆ.

ನನ್ನ ಮನೆಯ ಮೇಲಿನ ಮಹಡಿಗೆ ನಂಜುಂಡ ಮತ್ತು ಮಂಜುಳಾ ಬಾಡಿಗೆಗೆ ಬಂದಾಗ ಅವರ ಮಗಳು ಸಿಂಚನಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ನಂಜುಂಡ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಮಂಜುಳಾ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಬಂದ ವರ್ಷದ ಯುಗಾದಿ ಕಳೆದ ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ, ನಾನು ಸಂಪಿನ ಮುಚ್ಚಳ ಉಜ್ಜುತ್ತಿದ್ದೆ. ಮೂವರೂ ಹೊಸ ಬಟ್ಟೆ ಹಾಕಿಕೊಂಡು ಇಳಿದು ಬಂದವರು ಮೆಟ್ಟಿಲ ಮಧ್ಯದಲ್ಲೇ ನಿಂತುಬಿಟ್ಟರು. ನಂಜುಂಡನ ಕಿವಿಯಲ್ಲಿ ಫೋನು, ಮಂಜುಳಾಳ ಮುಖದಲ್ಲಿ ಮುನಿಸು.

"ಏನಾಯ್ತು?" ಎಂದೆ.

"ಫೋಟೋ ತೆಗೆಸೋಣ ಅಂತ ಹೊರಟ್ವಿ ಸಿಸ್ಟರ್. ಅವ್ವ ಬೇಡ ಅಂತಾಳೆ."

ಅವನ ತಾಯಿ ನಿಂಗಮ್ಮ ಮಾಗಡಿ ಕಡೆಯ ಹಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿರುವವರು. ಫೋನಿನಲ್ಲಿ ಅವರ ದನಿ ನನಗೂ ಕೇಳಿಸುತ್ತಿತ್ತು. "ಮೂರು ಜನ ಒಟ್ಟಿಗೆ ನಿಂತು ಫೋಟೋ ತೆಗೆಸ್ಕೋಬ್ಯಾಡ ಕಣ್ಲಾ! ಮೂರರಲ್ಲಿ ಒಬ್ರಿಗೆ ಕೇಡು. ಯಾರನ್ನಾದ್ರೂ ಸೇರಿಸ್ಕಳಿ, ನಾಕ್ ಜನ ಆಗಿ."

ಇದನ್ನು ನಂಬುವವರು ಬೆಂಗಳೂರಿನಲ್ಲೂ ಬೇಕಾದಷ್ಟು ಜನ ಇದ್ದಾರೆ. ನಾನು ನಂಬಿದವಳಲ್ಲ. ಯಾರು ಏಕೆ ಹೋಗುತ್ತಾರೆ ಎಂಬುದನ್ನು ವಾರ್ಡಿನಲ್ಲಿ ಹತ್ತಿರದಿಂದ ನೋಡಿದ್ದೇನೆ, ಅದರಲ್ಲಿ ಫೋಟೋದ ಪಾತ್ರ ಏನೂ ಇರಲಿಲ್ಲ. ಆದರೆ ಮಗು ಹೊಸ ಫ್ರಾಕು ಹಾಕಿಕೊಂಡು ತಯಾರಾಗಿತ್ತು. "ಐದು ನಿಮಿಷ ನಿಲ್ಲಿ," ಎಂದೆ. ಕೈ ತೊಳೆದು, ನೀಲಿ ಅಂಚಿನ ಬಿಳಿ ಕಾಟನ್ ಸೀರೆ ಉಟ್ಟು ಬಂದೆ. ಹೀಗೆ ನಾನು ನಾಲ್ಕನೆಯವಳಾದೆ.

ಮೊದಲ ಸಲ ಹೋದದ್ದು ಅವರಿಗಾಗಿ. ಎರಡನೆಯ ವರ್ಷದಿಂದ ಅದನ್ನು ಕ್ರಮಕ್ಕೆ ತಂದವಳು ನಾನು. ಯುಗಾದಿ ಕಳೆದ ಮೊದಲ ಭಾನುವಾರ, ಎಂಟೂವರೆ. ಅಷ್ಟು ಬೇಗ ಗೋಪಿನಾಥ್ ಅಂಗಡಿ ತೆಗೆಯುವವನಲ್ಲ, ನಮಗಾಗಿ ತೆಗೆಯುತ್ತಿದ್ದ. ಎಡದಿಂದ ನಾನು, ಸಿಂಚನ, ಮಂಜುಳಾ, ನಂಜುಂಡ. ಒಬ್ಬೊಬ್ಬರಿಗೂ ಒಂದೊಂದು ಚೌಕ. ಕ್ಯಾಮೆರಾ ಅದೇ ದೂರದಲ್ಲಿ, ಪಾದದಿಂದ ತಲೆಯವರೆಗೆ ಪೂರ್ತಿ ಬರಬೇಕು. ಗೋಪಿನಾಥ್ "ಸ್ವಲ್ಪ ಬೇರೆ ಪೋಸ್ ಟ್ರೈ ಮಾಡೋಣ" ಎಂದಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಹೋದ ಸಲದ ಥರಾನೇ."

"ಸಿಸ್ಟರ್, ಇದು ಫೋಟೋನಾ, ಎಕ್ಸ್-ರೇನಾ?" ಎಂದು ನಂಜುಂಡ ಗೊಣಗುತ್ತಿದ್ದ.

ನಾನು ಹಟ ಮಾಡುತ್ತಿದ್ದದ್ದಕ್ಕೆ ಕಾರಣವಿತ್ತು. ರೋಗಿಯ ಜ್ವರವನ್ನು ಒಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ. ನಾಲ್ಕು ಗಂಟೆಗೊಮ್ಮೆ, ಅದೇ ಥರ್ಮಾಮೀಟರಿನಲ್ಲಿ ನೋಡಿ ಚಾರ್ಟಿನಲ್ಲಿ ಚುಕ್ಕೆ ಇಟ್ಟರೆ ತಾನೇ ಏರಿದೆಯೋ ಇಳಿದಿದೆಯೋ ಗೊತ್ತಾಗುವುದು? ಮಗು ಬೆಳೆಯುವುದೂ ಹಾಗೆಯೇ. ದಿನಾ ನೋಡುವ ತಾಯಿಗೆ ಅದು ಕಾಣುವುದಿಲ್ಲ. ವರ್ಷಕ್ಕೊಂದು ಸಲ ಅದೇ ಜಾಗದಲ್ಲಿ, ಅದೇ ಜನರ ನಡುವೆ ನಿಲ್ಲಿಸಿದರೆ ಕಾಣುತ್ತದೆ. ಮೊದಲನೆಯದರಲ್ಲಿ ಸಿಂಚನ ತಾಯಿಯ ಕಂಕುಳಲ್ಲಿದ್ದಾಳೆ. ಎರಡನೆಯದರಲ್ಲಿ ನೆಲದ ಮೇಲೆ ನಿಂತು ನನ್ನ ಸೀರೆಯ ನೆರಿಗೆ ಹಿಡಿದಿದ್ದಾಳೆ. ನಾಲ್ಕನೆಯದರಲ್ಲಿ ತಲೆ ನನ್ನ ಸೊಂಟಕ್ಕೆ ಬಂದಿದೆ. ಆರನೆಯದರಲ್ಲಿ ಮುಂದಿನ ಎರಡು ಹಲ್ಲಿಲ್ಲ, ತುಟಿ ಬಿಗಿ ಹಿಡಿದಿದ್ದಾಳೆ. ಏಳನೆಯದರಲ್ಲಿ ಎಡಗೈಗೆ ಪ್ಲಾಸ್ಟರ್. ಎಂಟನೆಯದರಲ್ಲಿ ಹಲ್ಲು ಬಂದಿವೆ, ನಗು ಹೋಗಿದೆ. ನಂಜುಂಡನ ಹಣೆ ವರ್ಷ ವರ್ಷ ಒಂದೊಂದು ಬೆರಳು ಅಗಲವಾಗಿದೆ. ಮಂಜುಳಾಳ ಕಣ್ಣಿಗೆ ಐದನೆಯ ವರ್ಷ ಕನ್ನಡಕ ಬಂದಿದೆ. ಬದಲಾಗದವಳು ನಾನೊಬ್ಬಳೇ, ಅದೇ ನೀಲಿ ಅಂಚಿನ ಸೀರೆ, ಅದೇ ನೆಟ್ಟಗೆ ಇಳಿಬಿಟ್ಟ ಕೈ. ಅಳತೆ ಕೋಲು ಬದಲಾಗಬಾರದಲ್ಲ.

ಪ್ರತಿ ಸಲ ಎರಡು ಪ್ರತಿ. ಒಂದು ಮೇಲಿನ ಮನೆಗೆ, ಒಂದು ನನಗೆ. ನನ್ನದರ ಹಿಂದೆ ಪೆನ್ಸಿಲಿನಲ್ಲಿ ದಿನ, ವೇಳೆ, ಹಾಜರಿದ್ದವರ ಹೆಸರು ಬರೆದು ಫೈಲಿಗೆ ಹಾಕುತ್ತಿದ್ದೆ. ನನಗೆ ಮದುವೆಯಾಗಿಲ್ಲ. ಅಣ್ಣನ ಮಕ್ಕಳ ಮದುವೆ ಆಲ್ಬಮ್ಮುಗಳಲ್ಲಿ ನಾನು ಊಟದ ಸಾಲಿನಲ್ಲಿ ಎಲ್ಲೋ ಒಂದು ಕಡೆ ಸಿಗುತ್ತೇನೆ. ನಾನು ಮಧ್ಯೆ ನಿಂತ ಫೋಟೋ ಎಂದರೆ ನರ್ಸಿಂಗ್ ತರಬೇತಿ ಮುಗಿದ ವರ್ಷದ ಗುಂಪಿನ ಫೋಟೋ, ಅದೂ ಮೂರನೆಯ ಸಾಲು. ಇಷ್ಟನ್ನು ಹೇಳಿದ್ದು ಲೆಕ್ಕ ತಿಳಿಯಲಿ ಎಂದು ಮಾತ್ರ.

ನೆನಪಿಗೆ ಬಂದದ್ದು ಒಂಬತ್ತನೆಯ ಫೋಟೋದಿಂದ ಹತ್ತನೆಯದರವರೆಗಿನ ಆ ಒಂದು ವರ್ಷ.

ಆ ಯುಗಾದಿಗೆ ಮಂಜುಳಾ ಐದು ತಿಂಗಳ ಬಸುರಿ. ಬಿಸಿಲು ಬೇಗ ಏರಿತ್ತು. ಸ್ಟುಡಿಯೋದ ದೀಪದ ಕೆಳಗೆ ಅವಳಿಗೆ ಬೆವರು ಹರಿಯುತ್ತಿತ್ತು. ಸಿಂಚನ ನನ್ನ ಮೊಣಕೈ ದಾಟಿ ಬೆಳೆದಿದ್ದಳು. ಎಲ್ಲರೂ ಚೌಕಗಳಲ್ಲಿ ನಿಂತೆವು. ಗೋಪಿನಾಥ್ ಕ್ಯಾಮೆರಾ ಸರಿ ಮಾಡುತ್ತಿದ್ದಾಗ ನಂಜುಂಡ ನಗುತ್ತ ಹೇಳಿದ: "ಮುಂದಿನ್ ಸಲ ನಾವೇ ನಾಕ್ ಜನ ಆಗ್ತೀವಿ. ಸಿಸ್ಟರ್‌ಗೆ ರಜಾ!"

ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕ್ಷಣಕ್ಕೇ ಬೆಳಕು ಮಿಂಚಿತು. ಒಂಬತ್ತು ಫೋಟೋಗಳಲ್ಲಿ ನಾನು ಹಲ್ಲು ಕಾಣುವಂತೆ ನಕ್ಕಿರುವುದು ಅದೊಂದರಲ್ಲೇ.

ಮನೆಗೆ ಬಂದು ಹಿಂಬದಿ ಬರೆಯುವಾಗ ಆ ಮಾತು ಮತ್ತೆ ಬಂತು. ತೆಗೆದು ಹಾಕಿದೆ. ಆಗ ಮಾಡಲು ಬೇಕಾದಷ್ಟು ಕೆಲಸವಿತ್ತು. ದಿನಾ ಬೆಳಗ್ಗೆ ಏಳಕ್ಕೆ ಮಂಜುಳಾಳ ಬಿ.ಪಿ. ನೋಡುತ್ತಿದ್ದೆ. ಊಟವಾದ ಮೇಲೆ ಕಬ್ಬಿಣದ ಮಾತ್ರೆ, ಸಂಜೆ ಐದೂವರೆಗೆ ಪಾರ್ಕಿನಲ್ಲಿ ಮೂರು ಸುತ್ತು. "ಆಂಟಿ, ನಾನೇನು ಪೊಲೀಸ್ ಟ್ರೇನಿಂಗಿಗೆ ಹೋಗ್ತಿದೀನಾ?" ಎಂದು ಅವಳು ಏದುಸಿರು ಬಿಡುತ್ತಲೇ ಮೂರನೆಯ ಸುತ್ತು ಮುಗಿಸುತ್ತಿದ್ದಳು. ಅವಳಿಗೆ ತಾಯಿ ಇರಲಿಲ್ಲ. ನನ್ನ ಮಾತಿಗೆ ಎದುರು ಹೇಳುತ್ತಲೂ ಇರಲಿಲ್ಲ. ಮೇಲಿನ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ವಾರ್ಡಿನಿಂದ ನಾನು ತಂದ ದನಿ ಅಂಥದ್ದು, ಒಂದು ಸಲ ಹೇಳಿದರೆ ಮುಗಿಯಿತು.

ಜೂನ್, ಜುಲೈ ಜಿಟಿಜಿಟಿ ಮಳೆಯಲ್ಲೇ ಕಳೆಯಿತು. ಪಾರ್ಕಿನ ಸುತ್ತು ಬಿಟ್ಟು ಟೆರೇಸಿನ ಶೀಟಿನ ಕೆಳಗೆ ನಡೆಸಿದೆ. ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಎರಡು ಗಂಟೆಗೆ, ಹೊಲಿಗೆ ಯಂತ್ರದ ಸದ್ದು ಥಟ್ಟನೆ ನಿಂತಿತು. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ಮಂಜುಳಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚೀಲ ಹದಿನೈದು ದಿನದಿಂದ ತಯಾರಿತ್ತು. ಜೋರು ಮಳೆ. ನಂಜುಂಡನಿಗೆ ಫೋನು ಮಾಡಿದರೆ ನಾಯಂಡಹಳ್ಳಿಯಲ್ಲಿ ಮೊಣಕಾಲುದ್ದ ನೀರು ನಿಂತು ಗಾಡಿಗಳು ಅಲ್ಲಾಡುತ್ತಿಲ್ಲ. ಆಟೋದಲ್ಲಿ ನಾನು, ಮಂಜುಳಾ, ಮಳೆಗೆ ಬೇಗ ಬಿಟ್ಟ ಶಾಲೆಯಿಂದ ಆಗಷ್ಟೇ ಬಂದು ಯೂನಿಫಾರಮ್ಮಿನಲ್ಲೇ ಇದ್ದ ಸಿಂಚನ.

ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಸಿಂಚನ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಳು.

"ಅಪ್ಪ, ಅಮ್ಮ, ನಾನು, ನೀವು, ಪಾಪು. ಐದು ಜನ. ಐದು ಬೆಸ ಸಂಖ್ಯೆ ಅಲ್ವಾ ಆಂಟಿ? ಬೆಸ ಇದ್ರೆ ಅಜ್ಜಿ ಬೈತಾರಾ?"

"ನಾಲ್ಕು," ಎಂದೆ. "ನಿಮ್ಮ ಮನೆಯವರು ನಾಲ್ಕು ಜನ. ಸರಿಯಾಗಿ ಎಣಿಸು."

ಅವಳು ತನ್ನ ಬೆರಳುಗಳನ್ನು ನೋಡಿದಳು. ಒಂದನ್ನು ಬಿಡಿಸಿದಳು. ನಾನು ತಪ್ಪು ಲೆಕ್ಕ ತಿದ್ದಿದೆ ಅಂದುಕೊಂಡಿದ್ದೆ.

ನಾಲ್ಕೂ ಇಪ್ಪತ್ತಕ್ಕೆ ಗಂಡು ಮಗು. ನಂಜುಂಡ ಇನ್ನೂ ಬಂದಿರಲಿಲ್ಲ, ಆದ್ದರಿಂದ ಬಟ್ಟೆ ಸುತ್ತಿದ ಮಗುವನ್ನು ನರ್ಸು ನನ್ನ ಕೈಗೆ ಕೊಟ್ಟಳು. "ನೀವು ಅಜ್ಜಿನಾ?" ಎಂದಳು. ನಾನು ತೂಕ ಎಷ್ಟು ಎಂದು ಕೇಳಿದೆ.

ಬಾಣಂತನಕ್ಕೆ ನಿಂಗಮ್ಮ ಹಳ್ಳಿಯಿಂದ ಬಂದರು. ಒಳ್ಳೆಯ ಹೆಂಗಸು, ಗಟ್ಟಿ ಕೈ. ಎಣ್ಣೆ, ನೀರು, ಹೊಗೆ ಎಲ್ಲ ಅವರದೇ. ನಾನು ಮೇಲೆ ಹೋಗುವ ಕೆಲಸ ಕಡಿಮೆಯಾಗುತ್ತ ಬಂತು. ಮಗುವಿನ ತೂಕ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಊರಿಗೆ ಹೊರಡುವ ದಿನ ಅವರು ಕೆಳಗೆ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು: "ಒಂಬತ್ ವರ್ಸ ನನ್ನ ಮಾತು ಉಳಿಸಿಕೊಟ್ರಿ ಸಿಸ್ಟರಮ್ಮ. ಆ ಪಟಕ್ಕೆ ನಿಂತಿದ್ದು ಸಣ್ಣ ಉಪಕಾರ ಅಲ್ಲ. ಈಗ ದೇವರು ನಾಕ್ ಜನ ಮಾಡವ್ನೆ. ಇನ್ನು ನಿಮಗೆ ತೊಂದ್ರೆ ಇಲ್ಲ ಬಿಡಿ."

ತೊಂದರೆ ಎಂಬ ಪದ ಅವರು ಕೃತಜ್ಞತೆಯಿಂದ ಆಡಿದ್ದು. ನಾನು ಅದನ್ನು ರಿಲೀವಿಂಗ್ ಆರ್ಡರಿನ ಹಾಗೆ ತೆಗೆದುಕೊಂಡೆ. ಆದೇಶ ಬಂದ ಮೇಲೆ ಕುರ್ಚಿ ಹಿಡಿದು ಕೂರುವುದು ನನಗೆ ಬಾರದು.

ಮುಂದಿನ ಯುಗಾದಿ ಬಂತು. ಶನಿವಾರ ಸಂಜೆ ಸಿಂಚನ ಹೊಸ ಲಂಗ ಹಿಡಿದುಕೊಂಡು ಇಳಿದು ಬಂದಳು.

"ಆಂಟಿ, ನಾಳೆ ನೀವು ಅದೇ ಸೀರೆ ತಾನೆ? ಈ ಸಲ ನಾನು ನಿಮ್ಮ ಭುಜಕ್ಕೆ ಬರ್ತೀನಿ ನೋಡಿ, ಬೆಟ್ಸ್!"

ನನ್ನ ಉತ್ತರ ತಯಾರಿತ್ತು. ಒಂದು ವಾರದಿಂದ ತಯಾರಿತ್ತು. "ನಾಳೆ ನೀವೇ ಹೋಗಿ ಬನ್ನಿ. ಈಗ ನೀವೇ ನಾಲ್ಕು ಜನ ಇದ್ದೀರಿ."

ಮಂಜುಳಾ ಮಗುವನ್ನು ಎತ್ತಿಕೊಂಡು ಅವಳ ಹಿಂದೆಯೇ ಬಂದಿದ್ದಳು. "ನೀವು ಬರಲ್ವಾ ಆಂಟಿ?"

"ಕೆಲಸ ಇದೆ." ಅವಳ ಕೈಗೆ ಒಂದು ಚೀಟಿ ಕೊಟ್ಟೆ. ಪಾಳಿ ವಹಿಸಿಕೊಡುವಾಗ ಬರೆದು ಕೊಡಬೇಕು, ಬಾಯಿಮಾತು ಸಾಲದು. ವೇಳೆ ಎಂಟೂವರೆ. ನೆಲದ ಚೌಕ ನೋಡಿ ನಿಲ್ಲುವುದು. ಪಾದದಿಂದ ತಲೆಯವರೆಗೆ. ಉಳಿದದ್ದು ಹೋದ ಸಲದ ಥರಾನೇ.

ಮಂಜುಳಾ ಚೀಟಿ ಓದಿದಳು. ಏನೋ ಹೇಳಲು ಬಾಯಿ ತೆರೆದಳು. ನಾನು ಆ ವಾರ್ಡಿನ ದನಿಯಲ್ಲಿ "ಮಗುಗೆ ಟೋಪಿ ಹಾಕು, ಗಾಳಿ ಇದೆ" ಎಂದೆ. ಅವಳು "ಸರಿ ಆಂಟಿ" ಎಂದು ಮೇಲೆ ಹೋದಳು.

ಭಾನುವಾರ ನಾಲ್ಕೂಮುಕ್ಕಾಲಿಗೆ ಎದ್ದೆ. ಸ್ನಾನ, ತಿಂಡಿ, ಪಾತ್ರೆ. ಏಳೂವರೆಗೆ ನೀಲಿ ಅಂಚಿನ ಸೀರೆ ಉಟ್ಟು, ಪಿನ್ನು ಹಾಕಿ, ಬಾಗಿಲ ಹಿಂದಿನ ಕುರ್ಚಿಯಲ್ಲಿ ಕೂತೆ. ಅವರು ಇಳಿದು ಬರುವಾಗ ಒಂದು ಸಲ ಬಾಗಿಲು ತಟ್ಟುತ್ತಾರೆ, "ಬನ್ನಿ ಆಂಟಿ, ಏನು ಕೆಲಸ ನಿಮ್ದು" ಎನ್ನುತ್ತಾರೆ, ಆಗ ತಯಾರಿಲ್ಲದೆ ಅವರನ್ನು ಕಾಯಿಸಬಾರದು ಎಂದು. ಎಂಟು ಐದಕ್ಕೆ ಮೆಟ್ಟಿಲ ಮೇಲೆ ನಾಲ್ವರ ಸದ್ದು, ಅಂದರೆ ಮೂವರ ಹೆಜ್ಜೆ, ಒಂದು ಅಳು. ನನ್ನ ಬಾಗಿಲ ಮುಂದೆ ಹೆಜ್ಜೆಗಳು ನಿಂತವು. "ಆಂಟಿಗೆ ಕೆಲಸ ಇದೆ ಅಂದಿಲ್ವಾ, ತಟ್ಬೇಡ ಕಣೇ," ಎಂದಳು ಮಂಜುಳಾ. ಆಮೇಲೆ ಗೇಟಿನ ಸದ್ದು.

ನಾನು ಎದ್ದು ಬಾಗಿಲು ತೆರೆಯಬಹುದಿತ್ತು. ಚಿಲಕ ಕೈಗೆ ಎಟಕುವಷ್ಟು ಹತ್ತಿರವಿತ್ತು. ಹತ್ತು ಗಂಟೆಯವರೆಗೆ ಹಾಗೆಯೇ ಕೂತಿದ್ದು, ಸೀರೆ ಬದಲಿಸಿ, ಮಡಿಚಿ, ಬೀರುವಿನಲ್ಲಿಟ್ಟೆ.

ಅವರು ಬಂದ ಮೇಲೆ ಫೋಟೋದ ಮಾತು ಯಾರೂ ಎತ್ತಲಿಲ್ಲ. ನಾನು ಕೇಳಲಿಲ್ಲ. ಒಂದೂವರೆ ತಿಂಗಳಲ್ಲಿ ಶ್ರೀಗಂಧದ ಕಾವಲಿನಲ್ಲಿ ಎರಡು ಕೋಣೆಯ ಮನೆ ಸಿಕ್ಕಿತೆಂದು ಹೊರಟರು. ಮೇಲಿನ ಮನೆ ಅವರಿಗೆ ಚಿಕ್ಕದಾಗಿದ್ದದ್ದು ನಿಜ. ಹಬ್ಬಕ್ಕೆ ಫೋನು ಮಾಡುತ್ತಾರೆ. ಫೋನಿಗೆ ಚಿತ್ರ ಕಳಿಸುತ್ತಾರೆ: ಕೇಕು, ಟೋಪಿ, ಅಡ್ಡ ತಿರುಗಿದ ಮುಖ, ಹತ್ತಿರದಿಂದ ತೆಗೆದ ಅರ್ಧ ಕೆನ್ನೆ. ಯಾವುದರಲ್ಲೂ ಪಾದ ಇರುವುದಿಲ್ಲ. ಆ ಹುಡುಗಿ ಎಷ್ಟು ಎತ್ತರ ಆದಳೆಂದು ನನಗೆ ತಿಳಿಯದು. ಹೀಗೆ ನಾಲ್ಕು ವರ್ಷ. ಚಾರ್ಟಿನಲ್ಲಿ ನಾಲ್ಕು ಚುಕ್ಕೆಗಳಿಲ್ಲ.

"ಅಜ್ಜಿ," ಎಂದ ಗೋಪಿನಾಥ್. ಪಾಸ್‌ಪೋರ್ಟ್ ಫೋಟೋಗಳ ಜೊತೆ ಅವನ ಕೈಯಲ್ಲಿ ಧೂಳು ಒರೆಸಿದ ಹಳೆಯ ಕಂದು ಕವರು. "ನಿಮ್ಮನೇದು ಒಂದು ನನ್ ಹತ್ರನೇ ಉಳ್ಕೊಂಡಿದೆ. ಯಾರೂ ತಗೊಂಡು ಹೋಗ್ಲಿಲ್ಲ. ಎಸೆಯೋಕೆ ಮನಸ್ ಬರ್ಲಿಲ್ಲ, ಇಟ್ಟಿದ್ದೆ."

ಹತ್ತನೆಯ ಫೋಟೋ.

ಬಲಗಡೆ ನಂಜುಂಡ. ಅವನ ಪಕ್ಕ ಮಂಜುಳಾ, ಕೈಯಲ್ಲಿ ಟೋಪಿ ಹಾಕಿದ ಮಗು, ಬಾಯಿ ತೆರೆದು ಅಳುತ್ತಿದೆ. ಮಂಜುಳಾಳ ಪಕ್ಕ ಸಿಂಚನ, ಹೊಸ ಲಂಗ, ತನ್ನ ಚೌಕದಲ್ಲಿ ಜೋಡಿ ಕಾಲು. ಅವಳ ಎಡಕ್ಕೆ ಏನೂ ಇಲ್ಲ. ಒಬ್ಬರು ನಿಲ್ಲುವಷ್ಟು ಅಗಲದ ಪರದೆ, ಕೆಳಗೆ ಒಂದು ಖಾಲಿ ಕಪ್ಪು ಚೌಕ.

"ಅವತ್ತು ಭಾರಿ ಗಲಾಟೆ ಅಜ್ಜಿ," ಎಂದ ಗೋಪಿನಾಥ್. "ಜಾಗ ಬಿಟ್ಟಿದೀಯಲ್ಲಮ್ಮ, ಆ ಕಡೆ ಸರ್ಕೋ ಅಂದ್ರೆ ಹುಡುಗಿ ಸರೀಲಿಲ್ಲ. ಹೋಗ್ಲಿ, ಕ್ಯಾಮೆರಾನೇ ತಿರುಗಿಸ್ತೀನಿ ಅಂದೆ. ಅದೂ ಬೇಡ್ವಂತೆ. ಚೀಟಿ ತೋರ್ಸಿ, 'ಹೋದ ಸಲದ ಥರಾನೇ' ಅಂತ ಬರ್ದಿದೆ ನೋಡಿ ಅಂಕಲ್, ಅಂದ್ಲು. ಅವರಪ್ಪ ಬೈದ. ಮಗು ಅಳೋಕೆ ಶುರು ಮಾಡ್ತು. ಸಿಕ್ಕಿದ್ದು ಇದೊಂದೇ. ಚೆನ್ನಾಗಿ ಬಂದಿಲ್ಲ ಅಂತ ಬಿಟ್ಟೋದ್ರು."

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ. ಇದಕ್ಕೆ ದೊಡ್ಡ ಅರ್ಥ ಹಚ್ಚುವುದು ಬೇಡ. ಒಂಬತ್ತು ವರ್ಷ ಅದೇ ಚೌಕದಲ್ಲಿ ನಿಲ್ಲಿಸಿದ ಹುಡುಗಿ ಹತ್ತನೆಯ ವರ್ಷವೂ ಅಲ್ಲೇ ನಿಂತಳು. ಅಭ್ಯಾಸ ಇರಬಹುದು. ನಾನೇ ಮಾಡಿಸಿದ ಅಭ್ಯಾಸ. ಚೀಟಿಯಲ್ಲಿದ್ದದ್ದನ್ನು ಪಾಲಿಸಿದಳು, ಅದೂ ನನ್ನದೇ ಚೀಟಿ. ಆದರೆ ಖಾಲಿ ಚೌಕದ ಕಡೆಯ ಅವಳ ಕೈ ಮಾತ್ರ ದೇಹದಿಂದ ಸ್ವಲ್ಪ ದೂರ ಇತ್ತು. ಪಕ್ಕದಲ್ಲಿ ಯಾರದಾದರೂ ಸೀರೆ ಇದ್ದರೆ ತಾಗುವಷ್ಟು ದೂರ.

ಕವರನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದೆ. ಹನ್ನೆರಡೂ ಇಪ್ಪತ್ತಕ್ಕೆ ಮನೆ. ಒಂದಕ್ಕೆ ಊಟ. ಎರಡಕ್ಕೆ ಫೈಲು ತೆಗೆದು ಹತ್ತನೆಯದನ್ನು ಒಂಬತ್ತರ ಪಕ್ಕ ಇಟ್ಟೆ. ನನ್ನ ಭುಜ ಇಲ್ಲದೆ ಅವಳು ಭುಜಕ್ಕೆ ಬಂದಳೋ ಇಲ್ಲವೋ ಹೇಳಲು ಬರುವುದಿಲ್ಲ. ಬೆಟ್ಸ್ ಕಟ್ಟಿದ್ದಳು. ಗೆದ್ದದ್ದು ಯಾರೆಂದು ತೀರ್ಮಾನವಾಗಿಲ್ಲ.

ಹಿಂಬದಿ ಪೆನ್ಸಿಲಿನಲ್ಲಿ ಬರೆದೆ. ಯುಗಾದಿ ಕಳೆದ ಭಾನುವಾರ, ಎಂಟೂವರೆ. ಹಾಜರಿದ್ದವರು: ಸಿಂಚನ, ಮಂಜುಳಾ, ಮಗು, ನಂಜುಂಡ. ವಾರ್ಡಿನ ವರದಿಯಲ್ಲಿ ಇದರ ಕೆಳಗೆ ಇನ್ನೊಂದು ಸಾಲು ಇರುತ್ತದೆ, ಗೈರುಹಾಜರಿ ಮತ್ತು ಕಾರಣ. ಗೈರುಹಾಜರಿಯ ಎದುರು ನನ್ನ ಹೆಸರು ಬರೆದೆ. ಕಾರಣ ಎಂಬಲ್ಲಿ 'ಕೆಲಸ' ಎಂದು ಬರೆಯಲು ಹೊರಟ ಕೈ ನಿಂತಿತು. ಆ ದಿನ ನನಗೆ ಯಾವ ಕೆಲಸವೂ ಇರಲಿಲ್ಲ. ಸುಳ್ಳು ವರದಿ ನಾನು ಬರೆದವಳಲ್ಲ. ಜಾಗ ಖಾಲಿ ಬಿಟ್ಟು ಪೆನ್ಸಿಲು ಕೆಳಗಿಟ್ಟೆ.

ಆರು ಗಂಟೆಗೆ ಮಂಜುಳಾಳಿಗೆ ಫೋನು ಮಾಡಿದೆ. ಅವಳು ಹೊಲಿಗೆ ನಿಲ್ಲಿಸುವ ಹೊತ್ತು ಅದು, ನನಗೆ ಗೊತ್ತು.

"ಆಂಟೀ! ಏನ್ ಸಮಾಚಾರ, ಹುಷಾರಾಗಿದೀರಾ?" ಗಾಬರಿಯಾಗಿದ್ದಳು. ಅವರು ಮನೆ ಬಿಟ್ಟ ಮೇಲೆ ನಾನಾಗಿ ಎಂದೂ ಫೋನು ಮಾಡಿದವಳಲ್ಲ.

"ಹುಷಾರಾಗಿದ್ದೇನೆ. ಬರುವ ಭಾನುವಾರ ಎಂಟೂವರೆಗೆ ಸ್ಟುಡಿಯೋಗೆ ಬರಬೇಕು. ಗೋಪಿನಾಥ್‌ಗೆ ನಾನು ಹೇಳಿಡುತ್ತೇನೆ."

"ಫೋಟೋಗಾ? ಅಯ್ಯೋ, ಎಷ್ಟು ವರ್ಷ ಆಯ್ತು ಆಂಟಿ. ಅದು ಒಂದ್ ಸಲ ಸರಿ ಬರ್ಲಿಲ್ಲ, ಆಮೇಲೆ ಮನೆ ಬದಲಾಯ್ಸೋ ಗಲಾಟೆ, ಹಾಗೇ ನಿಂತೋಯ್ತು."

"ಐದು ಜನ ಎಂದು ಹೇಳುತ್ತೇನೆ ಅವನಿಗೆ."

"ಐದಾ?" ಅವಳು ಎಣಿಸಿಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. "ಅತ್ತೆ ಊರಲ್ಲಿದಾರೆ. ಐದನೇವ್ರು ಯಾರು ಆಂಟಿ?"

ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿಯನ್ನು ದನಿ ನಡುಗದೆ ಹೇಳಿದವಳು ನಾನು. ಈ ಒಂದು ಪದಕ್ಕೆ ಮೊದಲು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ನಾನು," ಎಂದೆ. "ನಾನೂ ನಿಂತುಕೊಳ್ಳಬೇಕು ಅಂತ ಇದೆ."

ಆ ಕಡೆ ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು. ಆಮೇಲೆ ದೂರದಿಂದ ಒಂದು ದನಿ, ನಾನು ಗುರುತು ಹಿಡಿಯಲಾರದಷ್ಟು ದಪ್ಪಗಾದ ದನಿ: "ಯಾರಮ್ಮ ಅದು?"

"ಸಿಸ್ಟರ್ ಆಂಟಿ ಕಣೇ. ಭಾನುವಾರ ಎಂಟೂ ಮೂವತ್ತಕ್ಕೆ ಫೋಟೋಗೆ ಬನ್ನಿ ಅಂತಿದಾರೆ."

"ಎಂಟೂ ಮೂವತ್ತಾ? ಸಂಡೇ? ಯಾರ್ ಏಳ್ತಾರಮ್ಮ!"

ಮಂಜುಳಾ ಫೋನಿನ ಬಾಯಿ ಮುಚ್ಚಿ ಏನೋ ಗದರಿದಳು. ನಾನು ಕಾಯಲಿಲ್ಲ. "ಮಂಜುಳಾ, ಹತ್ತಕ್ಕೆ ಬನ್ನಿ," ಎಂದೆ. "ಹತ್ತಾದರೂ ಪರವಾಗಿಲ್ಲ."

"ಅಯ್ಯೋ, ನೀವು ಟೈಮ್ ಬದಲಾಯ್ಸೋದಾ!" ಅವಳು ನಕ್ಕಳು. ನಗು ನಿಂತ ಮೇಲೆ, "ಇವ್ರು ಬರ್ಲಿ ಆಂಟಿ, ಓವರ್‌ಟೈಮ್ ಇದೆಯೇನೋ ಕೇಳಿ, ನೋಡಿ ಹೇಳ್ತೀನಿ," ಎಂದಳು.

"ನೋಡಿ ಹೇಳು."

ಫೋನು ಇಟ್ಟೆ. ನೋಡಿ ಹೇಳ್ತೀನಿ ಎಂಬುದು ಹೌದೂ ಅಲ್ಲ, ಇಲ್ಲವೂ ಅಲ್ಲ. ಮನೆ ಎಂದಿನ ಹಾಗೆ ನಿಶ್ಶಬ್ದವಾಗಿತ್ತು. ಮೇಜಿನ ಮೇಲಿನ ಫೋಟೋ ತಿರುಗಿಸಿ, ಕಾರಣ ಎಂಬುದರ ಮುಂದೆ ಬರೆದೆ: ಬಾಗಿಲು ತೆರೆಯಲಿಲ್ಲ. ಫೈಲಿಗೆ ಹಾಕಿ ಬೀರುವಿನಲ್ಲಿಟ್ಟೆ. ಇಡುವಾಗ ಅದೇ ಅರೆಯಿಂದ ನೀಲಿ ಅಂಚಿನ ಸೀರೆಯನ್ನು ತೆಗೆದೆ. ಮಡಿಕೆಯ ಗೆರೆಗಳಲ್ಲಿ ತುಸು ಹಳದಿಯಾಗಿತ್ತು. ಭಾನುವಾರಕ್ಕೆ ಇನ್ನೂ ನಾಲ್ಕು ದಿನ. ಆದರೂ ನೀರು ಚಿಮುಕಿಸಿ, ಅಂಚು ಮೊದಲು, ಆಮೇಲೆ ಸೆರಗು, ಆಮೇಲೆ ಒಡಲು, ಕ್ರಮವಾಗಿ ಇಸ್ತ್ರಿ ಮಾಡಿದೆ. ಏಳು ಗಂಟೆಗೆ ಮುಗಿಯಿತು. ಬೀರುವಿಗೆ ವಾಪಸ್ ಇಡದೆ, ಬಾಗಿಲ ಹಿಂದಿನ ಕುರ್ಚಿಯ ಬೆನ್ನಿಗೆ ಹಾಕಿ, ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆ.